ಎರಡು ಪುಟ್ಟ ಪೆಟ್ಟಿಗೆಗಳು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದವರು. ಪ್ರೌಢಶಾಲೆಯಲ್ಲಿ ಮೂವತ್ತು ವರುಷಕ್ಕೂ ಮಿಗಿಲಾಗಿ ಕನ್ನಡ ಕಲಿಸುತ್ತ, ಅದನ್ನು ವಿಸ್ತರಿಸಿ ಬರೆಯಿರೆಂದು ಎಷ್ಟು ಮಕ್ಕಳಿಗೆ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆದರೆ ಆ ಗಾದೆ ಎರಡು ಮರದ ಪೆಟ್ಟಿಗೆಗಳ ರೂಪದಲ್ಲಿ ನಮ್ಮ ಮನೆಯ ಪಡಸಾಲೆಗೇ ಬಂದು ಕುಳಿತು, ಎಪ್ಪತ್ತು ದಾಟಿದ ಮೇಲೆ ನಮಗೇ ಪಾಠ ಹೇಳೀತೆಂದು ಎಣಿಸಿರಲಿಲ್ಲ. ಆ ಪಾಠವನ್ನು ಸಹೃದಯ ಓದುಗರೊಡನೆ ಹಂಚಿಕೊಳ್ಳಬೇಕೆಂಬ ಆಶೆಯಿಂದ ಈ ನಾಲ್ಕು ಮಾತು.

ಧ್ವನಿವರ್ಧಕ ಎಂದೊಡನೆ ನಮ್ಮ ಕಾಲದವರ ಕಣ್ಣ ಮುಂದೆ ಬರುವುದು ಜಾತ್ರೆಯ ಬಯಲಿನಲ್ಲಿ ಬೇವಿನ ಮರಕ್ಕೆ ಕಟ್ಟಿದ ತಗಡಿನ ಕಹಳೆ. ಮದುವೆಯಿರಲಿ, ನಾಟಕವಿರಲಿ, ಚುನಾವಣೆಯಿರಲಿ, ಅದರ ಕೆಲಸ ಒಂದೇ: ಧ್ವನಿಯನ್ನು ದೂರಕ್ಕೆ ಒಯ್ಯುವುದು. ಪಕ್ಕದ ಊರಿನವರಿಗೂ ಕೇಳಿಸಿತೆಂದರೆ ಬಾಡಿಗೆ ಕೊಟ್ಟವನಿಗೂ ಹೆಮ್ಮೆ, ಪಡೆದವನಿಗೂ ಹೆಮ್ಮೆ. ನಾವು ಈಗ ಹೇಳಹೊರಟಿರುವ ಪೆಟ್ಟಿಗೆಗಳು ಅದಕ್ಕೆ ತೀರ ವಿರುದ್ಧವಾದವು. ಅವು ಧ್ವನಿಯನ್ನು ದೂರಕ್ಕೆ ಒಯ್ಯುವುದಿಲ್ಲ; ದೂರದ ಧ್ವನಿಯನ್ನು ಹತ್ತಿರಕ್ಕೆ ತರುತ್ತವೆ.

ಒಂದೊಂದರ ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19, ಆಳ 16. ನಮ್ಮ ಅಡಿಗೆಮನೆಯ ಜೋಳದ ಹಿಟ್ಟಿನ ಡಬ್ಬಿ ಇದಕ್ಕಿಂತ ದೊಡ್ಡದು. ತೂಕ ಐದು ಕಿಲೋಗಿಂತ ತುಸು ಹೆಚ್ಚು. ಮುಂಭಾಗಕ್ಕೆ ಕಪ್ಪು ಬಟ್ಟೆಯ ಮುಸುಕು. ಹಿಂಬದಿಯ ಪಟ್ಟಿಯ ಮೇಲೆ ರೋಜರ್ಸ್ ಎಂಬ ತಯಾರಕರ ಹೆಸರು. ಅದರ ಜೊತೆಗೆ ‘ಎಲ್.ಎಸ್. 3/5ಎ’ ಎಂಬ ಗುರುತು. ನೋಡಿದವರು ಇದರಲ್ಲೇನಿದೆ ಎಂದು ಕೇಳುವಂಥ ವಸ್ತು. ನಾವೂ ಹಾಗೆಯೇ ಕೇಳಿದವರು. ಅದೂ ಒಳ್ಳೆಯ ಮನಸ್ಸಿನಿಂದಲ್ಲ.

ಈ ಪೆಟ್ಟಿಗೆಗಳು ನಮ್ಮ ಅಣ್ಣನವರವು. ಅವರು ನಮಗಿಂತ ಆರು ವರುಷ ಹಿರಿಯರು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, 1973ರಲ್ಲಿ ಇಂಗ್ಲೆಂಡಿಗೆ ತೆರಳಿ, ಅಲ್ಲಿಯ ಉತ್ತರ ಭಾಗದ ಒಂದು ಆಸ್ಪತ್ರೆಯಲ್ಲಿ ಸೇವೆಗೆ ನಿಂತರು. 1979ರ ಮಳೆಗಾಲದಲ್ಲಿ ಊರಲ್ಲಿದ್ದ ನಮ್ಮ ಹಿರಿಯರ ಮನೆಯ ಹಿತ್ತಲ ಗೋಡೆ ಕುಸಿಯಿತು. ಮಣ್ಣಿನ ಗೋಡೆ, ಒಂದು ಮೂಲೆ ಬಿದ್ದರೆ ಉಳಿದದ್ದು ನಿಲ್ಲುವುದು ಎಷ್ಟು ದಿನ? ತೀರ್ಥರೂಪರು ಮಗನನ್ನು ಹಣ ಕೇಳಲು ಸಂಕೋಚಪಟ್ಟರು. ಅವರ ಪರವಾಗಿ ನಾವೇ ಒಂದು ನೀಲಿ ಏರೋಗ್ರಾಮ್ ಬರೆದು ಅಂಚೆಗೆ ಹಾಕಿದೆವು. ಹದಿನೈದು ದಿನ ಕಳೆದು ಅಣ್ಣನವರ ಪತ್ರ ಬಂದಿತು. ಅದರಲ್ಲಿ ಗೋಡೆಯ ಮಾತೇ ಇರಲಿಲ್ಲ. ಎರಡು ಪುಟ್ಟ ಸ್ಪೀಕರುಗಳನ್ನು ಕೊಂಡಿರುವುದಾಗಿಯೂ, ಹಾಡುವವರು ಕೋಣೆಯೊಳಗೇ ಬಂದು ಕುಳಿತಂತೆ ಅವು ನುಡಿಯುವುದಾಗಿಯೂ, ಅಪ್ಪ ಒಮ್ಮೆ ಕೇಳಬೇಕೆಂದೂ ಸಂತೋಷದಿಂದ ಬರೆದಿದ್ದರು. ನಾವು ಆ ಪತ್ರವನ್ನು ತೀರ್ಥರೂಪರಿಗೆ ಓದಿ ಹೇಳಿದೆವು. ಅವರು ಏನೂ ಅನ್ನಲಿಲ್ಲ. ಎದ್ದು ಹೊಲದ ಕಡೆಗೆ ಹೋದರು. ನಾವು ಊರಲ್ಲಿಯೇ ಸಾಲ ಎತ್ತಿ ಗೋಡೆ ಕಟ್ಟಿಸಿದೆವು. ಅಣ್ಣನವರಿಂದ ಹಣ ಬಂದದ್ದು ದೀಪಾವಳಿಯ ಹೊತ್ತಿಗೆ. ಅಷ್ಟರಲ್ಲಿ ನಮ್ಮ ಮನಸ್ಸು ತೀರ್ಪು ಬರೆದು ಮುಗಿಸಿತ್ತು: ಮನೆಯ ಗೋಡೆ ಬಿದ್ದಾಗ ಹಾಡಿನ ಪೆಟ್ಟಿಗೆ ಕೊಂಡ ಮಗ.

ಈ ಒಂದು ವಾಕ್ಯವನ್ನು ನಾವು ನಲವತ್ತು ವರುಷ ಸಾಕಿದೆವು. ಬಹಿರಂಗವಾಗಿ ಜಗಳವಾಡಲಿಲ್ಲ. ಮದುವೆ ಮುಂಜಿಗಳಲ್ಲಿ ಕೂಡಿದಾಗ ಕಾಲಿಗೆ ನಮಸ್ಕರಿಸಿದೆವು. ಕ್ಷೇಮ ಸಮಾಚಾರ ವಿಚಾರಿಸಿದೆವು. 2008ರಲ್ಲಿ ಅಣ್ಣನವರು ನಿವೃತ್ತರಾಗಿ ಹುಬ್ಬಳ್ಳಿಗೆ ಬಂದು ಮನೆ ಮಾಡಿದರು. ನಾವಿರುವ ಧಾರವಾಡಕ್ಕೂ ಹುಬ್ಬಳ್ಳಿಗೂ ಇರುವ ದೂರ ಇಪ್ಪತ್ತು ಕಿಲೋಮೀಟರ್. ನಾವು ಹೋದಾಗಲೆಲ್ಲ ಅವರು ಚಹಾ ಮುಗಿಸಿದೊಡನೆ ತಮ್ಮ ಕೋಣೆಯ ಬಾಗಿಲು ತೆರೆದು, “ಬಾರೋ ತಮ್ಮಾ, ಹತ್ತು ನಿಮಿಷ ಕೂತು ಕೇಳು” ಎನ್ನುತ್ತಿದ್ದರು. ನಮಗೆ ಪ್ರತಿ ಸಲವೂ ಬಸ್ಸಿಗೆ ಹೊತ್ತಾಗುತ್ತಿತ್ತು. ಹುಬ್ಬಳ್ಳಿ–ಧಾರವಾಡದ ನಡುವೆ ಬಸ್ಸುಗಳಿಗೆ ಎಂದಾದರೂ ಬರವುಂಟೆ? ಆ ಕೋಣೆಯ ಹೊಸ್ತಿಲನ್ನು ನಾವು ಒಮ್ಮೆಯೂ ದಾಟಲಿಲ್ಲ.

2017ರಲ್ಲಿ ಅತ್ತಿಗೆಯವರು ತೀರಿಕೊಂಡರು. 2022ರ ಮಳೆಗಾಲದಲ್ಲಿ ಅಣ್ಣನವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲುಗಳ ಶಕ್ತಿ ಉಡುಗಿತು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ಮಾತು ಹೋಯಿತು. ನಾವು ಆಡಿದ್ದು ಅವರಿಗೆ ಅರ್ಥವಾಗುತ್ತದೆ. ಹೇಳಬೇಕೆಂಬುದು ಅವರ ಮನಸ್ಸಿನಲ್ಲಿ ಇರುತ್ತದೆ. ಆದರೆ ಪದ ನಾಲಿಗೆಗೆ ಬರುವುದಿಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಅನೇಕರಿಗೆ ಹೀಗಾಗುತ್ತದೆಂದು ವೈದ್ಯರು ತಿಳಿಸಿದರು. ಅವರ ಒಬ್ಬಳೇ ಮಗಳು ಇಂಗ್ಲೆಂಡಿನಲ್ಲಿ ಸಂಸಾರಸ್ಥಳು. ಅಲ್ಲಿಗೆ ಹೋಗಲು ಅಣ್ಣನವರು ತಲೆಯಾಡಿಸಿ ಒಲ್ಲೆನೆಂದರು. 2023ರಲ್ಲಿ ನಾವು ಅವರನ್ನು ನಮ್ಮ ಮನೆಗೆ ಕರೆತಂದೆವು. ಕರ್ತವ್ಯವೆಂದು ಕರೆತಂದೆವೇ ಹೊರತು ಪ್ರೀತಿ ಉಕ್ಕಿ ಅಲ್ಲ ಎಂಬುದನ್ನು ಇಲ್ಲಿ ಮರೆಮಾಚುವುದು ಸಲ್ಲದು.

ಹುಬ್ಬಳ್ಳಿಯ ಮನೆ ಖಾಲಿ ಮಾಡಲು ಬಂದ ಮಗಳು ಪಾತ್ರೆಪಗಡ, ಪುಸ್ತಕ, ಮಂಚಗಳನ್ನು ಬೇಕಾದವರಿಗೆ ಹಂಚಿ, ಎರಡು ಪೆಟ್ಟಿಗೆಗಳು, ಒಂದು ಆಂಪ್ಲಿಫೈಯರ್, ಒಂದು ಸಿ.ಡಿ. ಪ್ಲೇಯರ್ ಮಾತ್ರ ಜೋಪಾನವಾಗಿ ಕಟ್ಟಿಸಿ ನಮ್ಮಲ್ಲಿಗೆ ಕಳಿಸಿದಳು. “ಕಾಕಾ, ಇವು ಅಪ್ಪನ ಸನೇಕ ಇರಲಿ” ಎಂದಳು. ನಮಗೆ ಒಳಗೊಳಗೇ ಕಸಿವಿಸಿಯಾಯಿತು. ನಲವತ್ತು ವರುಷ ಯಾವ ಪೆಟ್ಟಿಗೆಗಳ ಮೇಲೆ ಮುನಿದಿದ್ದೆವೋ ಅವೇ ನಮ್ಮ ಪಡಸಾಲೆಗೆ ಬಂದಿಳಿದಿದ್ದವು.

ಇಂಜಿನಿಯರಿಂಗ್ ಓದುತ್ತ ನಮ್ಮಲ್ಲಿಯೇ ಇರುವ ಮೊಮ್ಮಗಳಿಗೆ ಮಾತ್ರ ಹಿಡಿಸಲಾರದ ಉತ್ಸಾಹ. ಅವುಗಳ ಪೂರ್ವಾಪರವನ್ನೆಲ್ಲ ಓದಿ ತಿಳಿದುಕೊಂಡು ಸಂಜೆ ಕುಳಿತು ನಮಗೆ ಹೇಳತೊಡಗಿದಳು. ಅದು ಕೇಳುವಂಥ ಕತೆಯೇ ಆಗಿತ್ತು.

ಈ ಪೆಟ್ಟಿಗೆ ಹುಟ್ಟಿದ್ದು ಅಂಗಡಿಗಾಗಿ ಅಲ್ಲ, ಆಕಾಶವಾಣಿಗಾಗಿ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ಸಂಶೋಧನಾ ವಿಭಾಗ ಆಗ ಲಂಡನ್ನಿನ ದಕ್ಷಿಣಕ್ಕಿರುವ ಕಿಂಗ್ಸ್‌ವುಡ್ ವಾರನ್ ಎಂಬ ಹಳೆಯ ಬಂಗಲೆಯಲ್ಲಿತ್ತು. ಅಲ್ಲಿಯ ತಂತ್ರಜ್ಞರು ಸ್ಟುಡಿಯೋ ಕಟ್ಟುವ ಮೊದಲು ಅದರ ಎಂಟನೆಯ ಒಂದರಷ್ಟು ಅಳತೆಯ ಮಾದರಿಯನ್ನು ಮಾಡಿ, ಅದರೊಳಗೆ ನಾದ ಹೇಗೆ ಹಬ್ಬುವುದೆಂದು ಪರೀಕ್ಷಿಸುತ್ತಿದ್ದರು. ಆ ಪುಟ್ಟ ಮಾದರಿಗಾಗಿ ಪುಟ್ಟ ಸ್ಪೀಕರು ಬೇಕಾಯಿತು. ಮಾಡಿ ನೋಡಿದರೆ ಅದರ ಧ್ವನಿ ನಿರೀಕ್ಷೆಗಿಂತ ಶುದ್ಧವಾಗಿತ್ತು. ಇತ್ತ ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ದೊಡ್ಡ ಸ್ಪೀಕರು ಇಡಲು ಸ್ಥಳವಿರಲಿಲ್ಲ. ಆದರೆ ಪ್ರಸಾರವಾಗುತ್ತಿರುವ ಧ್ವನಿಯಲ್ಲಿ ದೋಷವಿದ್ದರೆ ಅದನ್ನು ಕೂಡಲೇ ಗುರುತಿಸಬಲ್ಲ ಸಾಧನ ಬೇಕಾಗಿತ್ತು. ಈ ಎರಡು ಅಗತ್ಯಗಳ ನಡುವೆ 1970ರ ದಶಕದ ಆರಂಭದಲ್ಲಿ ಎಲ್.ಎಸ್. 3/5 ರೂಪುಗೊಂಡಿತು. ಅದಕ್ಕೆ ಬಳಸುತ್ತಿದ್ದ ಭಾಗಗಳಲ್ಲಿ ತಯಾರಕರು ಬದಲಾವಣೆ ಮಾಡಿದ್ದರಿಂದ ಮರಳಿ ವಿನ್ಯಾಸ ಮಾಡಬೇಕಾಗಿ, ಕೊನೆಗೆ ‘ಎ’ ಅಕ್ಷರ ಸೇರಿತು. ಹಾರ್ವುಡ್, ವಾಟನ್, ಮಿಲ್ಸ್ ಎಂಬ ಮೂವರು 1976ರಲ್ಲಿ ಇದರ ವಿವರವಾದ ವರದಿಯನ್ನು ಬರೆದರು.

ಅದರೊಳಗೆ ಇರುವುದು ಎರಡೇ ಘಟಕ. ಕೆಳದನಿಗೆ ಐದು ಇಂಚಿನ ಒಂದು ವೂಫರ್; ಮೇಲುದನಿಗೆ ಒಂದು ಪುಟ್ಟ ಟ್ವೀಟರ್. ಎರಡನ್ನೂ ಮಾಡಿದ್ದು ಕೆಂಟ್ ಪ್ರಾಂತದ ಮೇಡ್‌ಸ್ಟನ್ನಿನ ಕೆ.ಇ.ಎಫ್. ಕಂಪನಿ. ಯಾವ ಸ್ವರ ಯಾರ ಪಾಲಿಗೆ ಎಂದು ಹಂಚಿಕೊಡುವ ಕ್ರಾಸ್‌ಓವರ್ ಎಂಬ ಮಂಡಲವೊಂದು ಒಳಗಿದೆ. ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ ಅದು ಪಾಲು ಮಾಡುತ್ತದೆ. ಪೆಟ್ಟಿಗೆಯ ಗೋಡೆ ದಪ್ಪ ಹಲಗೆಯದಲ್ಲ. ಬರ್ಚ್ ಮರದ ತೆಳುವಾದ ಪ್ಲೈವುಡ್, ಒಳಗೆ ಕಂಪನವನ್ನು ನುಂಗುವ ಲೇಪದ ತುಂಡುಗಳು. ಗೋಡೆ ತಾನೇ ನುಡಿಯಬಾರದು, ಒಳಗಿನವರು ನುಡಿದದ್ದನ್ನು ಕೆಡಿಸಬಾರದು ಎಂಬುದು ಅವರ ತತ್ತ್ವ. ಬಿ.ಬಿ.ಸಿ.ಯವರು ತಮ್ಮ ಸ್ಪೀಕರುಗಳನ್ನು ಯಂತ್ರದಿಂದ ಅಳೆಯುವುದರ ಜೊತೆಗೆ, ಎದುರಿಗೆ ಮಾತನಾಡುವ ಮನುಷ್ಯನ ದನಿಯೊಡನೆ ಹೋಲಿಸಿಯೂ ಪರೀಕ್ಷಿಸುತ್ತಿದ್ದರು. ಮನುಷ್ಯನ ಮಾತು ಮನುಷ್ಯನ ಮಾತಿನಂತೆಯೇ ಕೇಳಬೇಕು, ಅದೇ ಒರೆಗಲ್ಲು.

ಬಿ.ಬಿ.ಸಿ. ತಾನಾಗಿ ಮಾರಾಟಕ್ಕಿಳಿಯದೆ ಬೇರೆ ಬೇರೆ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಎರಡರ ಹೆಸರು ನಮ್ಮ ಶ್ರೀಮತಿಯವರಿಗೆ ಬಹಳ ಹಿಡಿಸಿತು. ಸ್ಪೆಂಡರ್ ಎಂಬುದು ಬಿ.ಬಿ.ಸಿ. ತಂತ್ರಜ್ಞ ಸ್ಪೆನ್ಸರ್ ಹ್ಯೂಸ್ ಮತ್ತು ಅವರ ಪತ್ನಿ ಡೊರತಿಯವರ ಹೆಸರುಗಳನ್ನು ಕೂಡಿಸಿ ಮಾಡಿದ್ದು. ಹಾರ್ಬೆತ್ ಎಂಬುದು ಮೇಲೆ ಹೇಳಿದ ಹಾರ್ವುಡ್ ಅವರು 1977ರಲ್ಲಿ ಕಟ್ಟಿದ ಕಂಪನಿ. ಅವರ ಹೆಸರಿನ ಅರ್ಧ, ಪತ್ನಿ ಎಲಿಜಬೆತ್ ಅವರ ಹೆಸರಿನ ಅರ್ಧ. “ಕಬ್ಬಿಣ, ತಂತಿ ಅಂತ ತಿಳಿದಿದ್ದೆ, ಅದರಾಗೂ ಸಂಸಾರ ಐತಿ” ಎಂದು ಅವರು ನಕ್ಕರು. 1990ರ ದಶಕದ ಕೊನೆಯಲ್ಲಿ ಮೂಲ ಭಾಗಗಳ ತಯಾರಿಕೆ ನಿಂತುಹೋಯಿತು. ಆದರೂ ಬೇಡಿಕೆ ತಗ್ಗದೆ, ಈಗ ಮತ್ತೆ ಕೆಲವರು ಪರವಾನಗಿ ಪಡೆದು ಇದೇ ವಿನ್ಯಾಸವನ್ನು ತಯಾರಿಸುತ್ತಿದ್ದಾರೆ. ಹಳೆಯ ಜೋಡಿಗಳಿಗೆ ಬೆಲೆ ಏರಿದೆ.

ಇನ್ನು ಮನೆಯಲ್ಲಿ ಅವನ್ನು ಹೂಡಿದ ಪ್ರಸಂಗ. ಮೊದಲ ದಿನ ನಾವು ದೀಪ ಇಡುವಂತೆ ಎರಡನ್ನೂ ಗೋಡೆಯ ಮಾಡುಗಳಲ್ಲಿ ಇಟ್ಟೆವು. ಅಳತೆ ಮಾಡಿಸಿದಂತೆ ಕುಳಿತವು. ಆದರೆ ಹಚ್ಚಿದರೆ ಗಾಯಕರು ಹಗೇವಿನೊಳಗಿಂದ ಕೂಗಿದಂತೆ ಕೇಳಿಸಿತು. ಗೋಡೆಯ ಸಂದಿಯಲ್ಲಿ ಇಟ್ಟಾಗ ಕೆಳದನಿ ಅಳತೆ ಮೀರಿ ಉಬ್ಬುತ್ತದೆ. ಇವು ಬಯಲಿನಲ್ಲಿ ನಿಲ್ಲಬೇಕಾದವು ಎಂದು ಮೊಮ್ಮಗಳು ವಿವರಿಸಿದಳು. ಬೆಸುಗೆ ಅಂಗಡಿಯಲ್ಲಿ ಎರಡು ಕಬ್ಬಿಣದ ನಿಲುವುಗಳನ್ನು ಮಾಡಿಸಿದೆವು. ಕುರ್ಚಿಯಲ್ಲಿ ಕುಳಿತವರ ಕಿವಿಯ ಮಟ್ಟಕ್ಕೆ ಟ್ವೀಟರ್ ಬರಬೇಕೆಂದು ಎತ್ತರ ಅಳೆದು, ಕೊಳವೆಗಳು ನುಡಿಯಬಾರದೆಂದು ಅವುಗಳಲ್ಲಿ ಒಣಗಿದ ಮರಳು ತುಂಬಿಸಿದೆವು. ಪೆಟ್ಟಿಗೆಯ ಕೆಳಗೆ ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ನಾಲ್ಕು ತುಂಡುಗಳು. ಹಿಂದಿನ ಗೋಡೆಯಿಂದ ಎರಡು ಅಡಿ ಮುಂದಕ್ಕೆ. ಒಂದಕ್ಕೂ ಇನ್ನೊಂದಕ್ಕೂ ಏಳು ಅಡಿ. ಕೇಳುವವರ ಕುರ್ಚಿಗೂ ಅಷ್ಟೇ ದೂರ. ಸಮಭುಜ ತ್ರಿಕೋನವೆಂದು ಶಾಲೆಯಲ್ಲಿ ಹೇಳುತ್ತಾರಲ್ಲ, ಅದೇ. ಎರಡರ ಮುಖವನ್ನೂ ಕೇಳುವವರ ಕಡೆಗೆ ತುಸು ಹೊರಳಿಸಬೇಕು.

ನಮ್ಮ ಪಡಸಾಲೆಯ ನೆಲ ಶಹಾಬಾದಿನ ಕಲ್ಲು, ಗೋಡೆ ಬೋಳು. ಚಪ್ಪಾಳೆ ತಟ್ಟಿದರೆ ಮರುದನಿ ಕೊಡುವ ಕೋಣೆ. ನಮ್ಮ ಶ್ರೀಮತಿಯವರು ಪೆಟಾರಿಯಿಂದ ನವಲಗುಂದದ ಜಮಖಾನೆ ತೆಗೆದು ನೆಲಕ್ಕೆ ಹಾಸಿದರು. ಅವ್ವ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯೊಂದಿತ್ತು. ಅದನ್ನು ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದೆವು. ಮರುದನಿ ಅಡಗಿತು. ಸಾವಿರಾರು ರೂಪಾಯಿ ತೆತ್ತು ಕೊಳ್ಳುವ ಹೀರುಹಲಗೆಗಳ ಕೆಲಸವನ್ನು ಅವ್ವನ ಕೌದಿ ಮಾಡಿತು. ಮುಂಭಾಗದ ಬಟ್ಟೆಯನ್ನು ತೆಗೆದರೆ ದನಿ ಇನ್ನೂ ಸ್ಪಷ್ಟವಾದೀತೆಂದು ನಾವು ತೆಗೆಯಹೋದೆವು. ಬಟ್ಟೆಯ ಸಮೇತವೇ ಇವನ್ನು ಅಳೆದು ರೂಪಿಸಿದ್ದಾರೆಂದು ತಿಳಿದು ಕೈಬಿಟ್ಟೆವು.

ಎಲ್ಲ ಅಣಿಯಾದ ಸಂಜೆ ಅಣ್ಣನವರನ್ನು ಮೆಲ್ಲಗೆ ಕರೆತಂದು ಕುರ್ಚಿಯಲ್ಲಿ ಕೂಡ್ರಿಸಿದೆವು. ಪೇಟೆಯಿಂದ ತಂದ ಎರಡೆಳೆಯ ವೈರನ್ನು ನಾವೇ ಜೋಡಿಸಿದ್ದೆವು. ಅವರ ಸಂಗ್ರಹದಿಂದಲೇ ಪಂಡಿತ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳ ಒಂದು ತಟ್ಟೆಯನ್ನು ಆರಿಸಿದೆವು. ಮನಸೂರರು ನಮ್ಮ ಧಾರವಾಡದ ಮಗ್ಗುಲಿನ ಮನಸೂರಿನಲ್ಲಿ 1910ರಲ್ಲಿ ಹುಟ್ಟಿ, 1992ರವರೆಗೆ ನಮ್ಮ ನಡುವೆ ಬಾಳಿದವರು. ಬಾಲ್ಯದಲ್ಲಿ ನಾವು ಅಣ್ಣತಮ್ಮಂದಿರು ಊರ ಗೌಡರ ಮನೆಯ ಕಟ್ಟೆಯ ಮೇಲೆ ಕುಳಿತು, ಧಾರವಾಡ ಆಕಾಶವಾಣಿಯಿಂದ ಬರುತ್ತಿದ್ದ ಅವರ ಗಾಯನವನ್ನು ಕೇಳಿದ್ದುಂಟು. ಆ ನಿಲಯ 1950ರಲ್ಲಿ ಆರಂಭವಾದದ್ದು. ನಮಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಹಾಡು ಆರಂಭವಾಯಿತು. ಕೇಳಿಸಿತು, ಆದರೆ ಎಲ್ಲಿಂದ ಕೇಳಿಸುತ್ತಿದೆ ಎಂಬುದೇ ತಿಳಿಯದು. ದನಿ ಕೋಣೆಯ ಮೂಲೆಮೂಲೆಗೆ ಚದುರಿಹೋದಂತಿತ್ತು. ಅದರಲ್ಲಿ ಎದೆಯ ಬಲವಿರಲಿಲ್ಲ. ಹಳೆಯ ಪೆಟ್ಟಿಗೆ, ಇಷ್ಟೇ ಇರಬೇಕೆಂದು ನಾವು ಭಾವಿಸಿದೆವು. ಅಷ್ಟರಲ್ಲಿ ಅಣ್ಣನವರು ಹುಬ್ಬು ಗಂಟಿಕ್ಕಿ ತಲೆಯಾಡಿಸತೊಡಗಿದರು. ಎಡಗೈ ಎತ್ತಿ, ಅಂಗೈಯನ್ನು ಮುಂದಕ್ಕೆ ದೂಡಿದರು. ಮತ್ತೆ ಹಿಂದಕ್ಕೆ ಎಳೆದುಕೊಂಡರು. ಮತ್ತೆ ದೂಡಿದರು. ಮುಖ ಕೆಂಪಾಗಿತ್ತು. ನಮಗೆ ಅದು ಒಂದೇ ರೀತಿ ಅರ್ಥವಾಯಿತು: ಸಾಕು, ಬೇಡ, ನಡೆಯಿರಿ. ಹದಿನೈದು ದಿನ ಕಬ್ಬಿಣ, ಮರಳು, ಜಮಖಾನೆ ಎಂದು ಒದ್ದಾಡಿದ್ದಕ್ಕೆ ದೊರೆತ ಪ್ರತಿಫಲ ಇದೇ ಎಂದು ಹಳೆಯ ಕಹಿ ಗಂಟಲಿಗೆ ಬಂತು. “ಇವರಿಗೆ ಅಂದೂ ನಾವು ಬೇಡ, ಇಂದೂ ಬೇಡ” ಎಂದು ಗೊಣಗುತ್ತ ಯಂತ್ರ ಆರಿಸಲು ಎದ್ದೆವು.

ಮೊಮ್ಮಗಳು ನಮ್ಮ ಕೈ ಹಿಡಿದು ನಿಲ್ಲಿಸಿದಳು. “ಅಜ್ಜಾ, ದೊಡ್ಡಜ್ಜ ಬ್ಯಾಡ ಅನ್ನಾಕತ್ತಿಲ್ಲ. ಸರಿಯಾಗಿ ನೋಡು. ಈ ಪೆಟ್ಟಿಗಿ ಕಡೆ ಕೈ ಮುಂದ ಹೊಂಟೈತಿ, ಆ ಪೆಟ್ಟಿಗಿ ಕಡೆ ಹಿಂದ ಬರಾಕತ್ತೈತಿ.”

ಹೌದು, ಹಾಗೆಯೇ ಇತ್ತು. ಎಡದ ಪೆಟ್ಟಿಗೆಯತ್ತ ನೋಡಿದಾಗ ದೂಡುತ್ತಿದ್ದರು; ಬಲದ ಪೆಟ್ಟಿಗೆಯತ್ತ ನೋಡಿದಾಗ ಎಳೆಯುತ್ತಿದ್ದರು. ಮೊಮ್ಮಗಳು ಬಟ್ಟೆ ಸರಿಸಿ, ತಂತಿ ಬಿಚ್ಚಿ, ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಎಡದ ತಂತಿಯ ತುದಿಗೆ ಒಂದು ಕ್ಷಣ ತಾಗಿಸಿದಳು. ವೂಫರಿನ ಪರದೆ ಕೂದಲೆಳೆಯಷ್ಟು ಮುಂದೆ ಬಂತು. ಬಲದ ತಂತಿಗೆ ಹಾಗೆಯೇ ತಾಗಿಸಿದಳು. ಪರದೆ ಹಿಂದೆ ಸರಿಯಿತು. ಒಂದರಲ್ಲಿ ಕೆಂಪು, ಕಪ್ಪು ಸರಿಯಾಗಿ ಸೇರಿದ್ದವು. ಇನ್ನೊಂದರಲ್ಲಿ ನಾವು ಅದಲುಬದಲು ಸೇರಿಸಿದ್ದೆವು. ಎರಡು ಎಳೆಗಳಿಗೂ ಒಂದೇ ಬಣ್ಣವಿದ್ದ ವೈರು. ಗುರುತು ಹಾಕಿಕೊಳ್ಳದ ತಪ್ಪು ನಮ್ಮದು. ಎರಡೂ ಪೆಟ್ಟಿಗೆಗಳಿಗೆ ಒಂದೇ ಹಾಡು ಹೋಗುತ್ತಿತ್ತು, ಎರಡೂ ನಿರ್ದೋಷಿಗಳಾಗಿದ್ದವು. ಆದರೆ ಒಂದು ಗಾಳಿಯನ್ನು ದೂಡುವಾಗ ಇನ್ನೊಂದು ಸೆಳೆಯುತ್ತಿತ್ತು. ಒಂದರ ಶ್ರಮವನ್ನು ಇನ್ನೊಂದು ಅಳಿಸುತ್ತಿತ್ತು.

ತಂತಿ ಬದಲಿಸಿ ಮತ್ತೆ ಹಚ್ಚಿದೆವು. ಚದುರಿದ ದನಿ ಒಟ್ಟುಗೂಡಿ ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ತಾವಿನಲ್ಲಿ, ಬಂದು ನಿಂತಿತು. ಅಲ್ಲಿ ಪೆಟ್ಟಿಗೆಯಿಲ್ಲ, ಯಂತ್ರವಿಲ್ಲ, ಮನಸೂರರು ಇದ್ದಾರೆ. ಸ್ವರ ಎತ್ತುವ ಮುನ್ನ ಅವರು ಉಸಿರು ತುಂಬಿಕೊಳ್ಳುವುದು, ವಯಸ್ಸಾದ ಕಂಠದ ಸಣ್ಣ ಒರಟು, ಪದದ ಕೊನೆಗೆ ತುಟಿ ಕೂಡುವುದು, ಎಲ್ಲವೂ ಕಿವಿಗೆ ಬಿತ್ತು. ನಾವು ಉಸಿರು ಬಿಗಿಹಿಡಿದು ಕುಳಿತೆವು. ಅಣ್ಣನವರ ಹುಬ್ಬಿನ ಗಂಟು ಸಡಿಲವಾಯಿತು. ಸ್ವಲ್ಪ ಹೊತ್ತಿನ ಮೇಲೆ ಕೋಣೆಯಲ್ಲಿ ಇನ್ನೊಂದು ದನಿ ಕೇಳಿಸಿತು. ವರುಷದಿಂದ ಒಂದು ಪದ ನುಡಿಯದ ಅಣ್ಣನವರು ಮನಸೂರರ ಸ್ವರದ ಬೆನ್ನು ಹಿಡಿದು ಗುನುಗುತ್ತಿದ್ದರು. ಮಾತು ಹೋದ ಅನೇಕರಿಗೆ ಹಾಡು ಉಳಿದಿರುತ್ತದೆಂದು ವೈದ್ಯರು ಆಮೇಲೆ ಹೇಳಿದರು. ಆ ಸಂಜೆ ನಮಗೆ ಅದು ಗೊತ್ತಿರಲಿಲ್ಲ. ನಮ್ಮ ಶ್ರೀಮತಿಯವರು ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದರು.

ಇಂಥ ಹಳೆಯ ಪುಟ್ಟ ಸ್ಪೀಕರುಗಳು ಅನೇಕರ ಮನೆಯ ಅಟ್ಟದಲ್ಲಿ ಬಿದ್ದಿರಬಹುದು. ಅಂಥವರಿಗೆ ಅನುಭವದ ಎರಡು ಮಾತು. ಇವುಗಳಿಂದ ಜಾತ್ರೆಯ ಗದ್ದಲವನ್ನು ನಿರೀಕ್ಷಿಸಬಾರದು. ನಮ್ಮ ಈ ಜೋಡಿ 80 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚು ಇಳಿಯದು; ತಬಲಾದ ಡಗ್ಗದ ತೀರ ಆಳದ ಗುಂಕಾರ ಇದರಲ್ಲಿ ಪೂರ್ಣವಾಗಿ ದೊರೆಯದು. ಕೊಟ್ಟ ವಿದ್ಯುತ್ತಿಗೆ ಹೊರಡಿಸುವ ದನಿಯೂ ಕಡಿಮೆ, ಅಳತೆಯಲ್ಲಿ 82.5 ಡೆಸಿಬೆಲ್. 25–30 ವ್ಯಾಟಿನ ಒಂದು ಒಳ್ಳೆಯ ಆಂಪ್ಲಿಫೈಯರ್ ಇದ್ದರೆ ಮನೆಗೆ ಸಾಕು. ಹಠದಿಂದ ಗುಂಡಿ ತಿರುಗಿಸಿದರೆ ಪರದೆಗೆ ಕೇಡು. ಕೆಲವು ಹಳೆಯ ಸ್ಪೀಕರುಗಳಲ್ಲಿ ಪರದೆಯ ಅಂಚಿನ ಸ್ಪಂಜು ಉದುರಿಹೋಗಿರುತ್ತದೆ, ಕೆಪಾಸಿಟರುಗಳು ಸೊರಗಿರುತ್ತವೆ. ಬಲ್ಲವರಿಂದ ಅಷ್ಟನ್ನೇ ಸರಿಪಡಿಸಬೇಕೇ ಹೊರತು, ಇಡೀ ಒಳಭಾಗವನ್ನು ಕಿತ್ತು ಹೊಸದು ತುಂಬಿಸಬಾರದು. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು, ಬೇಸಗೆಯಲ್ಲಿ ಮರಕ್ಕೆ ಗೆದ್ದಲು. ಗೋಡೆಗೆ ತಾಗದಂತೆ ಇಟ್ಟು, ವಾರಕ್ಕೊಮ್ಮೆಯಾದರೂ ನುಡಿಸುತ್ತಿರಬೇಕು. ಎಲ್ಲಕ್ಕಿಂತ ಮೊದಲು ಕೆಂಪು, ಕಪ್ಪು ತಂತಿಗಳನ್ನು ನೋಡಿಕೊಳ್ಳಬೇಕು.

ಈ ಆರೈಕೆಯ ವಿಷಯ ತಿಳಿಸುವ ಕಾಗದವೇನಾದರೂ ಇದ್ದೀತೆಂದು ಮೊಮ್ಮಗಳು ಸ್ಪೀಕರು ಬಂದ ರಟ್ಟಿನ ಡಬ್ಬಿಯನ್ನು ಜಾಲಾಡಿದಳು. ತಳದಲ್ಲಿ ಒಂದು ಲಕೋಟೆ ಇತ್ತು. ಮೇಲೆ ಅಣ್ಣನವರ ಅಕ್ಷರದಲ್ಲಿ ‘1979’. ಅವರು ವರುಷಕ್ಕೊಂದು ಲಕೋಟೆಯಂತೆ ಕಾಗದಪತ್ರ ಇಡುವವರು. ಒಳಗೆ ಮೂರು ಕಾಗದಗಳಿದ್ದವು. ಒಂದು, ಸ್ಪೀಕರು ಕೊಂಡ ರಸೀತಿ. ತಾರೀಖು ಮೇ ತಿಂಗಳಿನದು. ಎರಡನೆಯದು, ಗೋಡೆ ಬಿದ್ದುದನ್ನು ತಿಳಿಸಿ ನಾವು ಬರೆದ ಏರೋಗ್ರಾಮ್. ಅದರ ಮೂಲೆಯಲ್ಲಿ ಅದು ಕೈಸೇರಿದ ಆಗಸ್ಟ್ ತಿಂಗಳಿನ ದಿನವನ್ನು ಅವರು ಬರೆದುಕೊಂಡಿದ್ದರು. ಮೂರನೆಯದು, ಊರಿಗೆ ಹಣ ರವಾನಿಸಿದ ಬ್ಯಾಂಕಿನ ಚೀಟಿ. ಅದರ ತಾರೀಖು ನಮ್ಮ ಪತ್ರ ಕೈಸೇರಿದ ಮರುದಿನದ್ದು.

“ಅಜ್ಜಾ, ಗ್ವಾಡಿ ಬಿದ್ದಿದ್ದು ಯಾವಾಗ?” ಎಂದು ಹುಡುಗಿ ಕೇಳಿದಳು. ನಾವು ಉತ್ತರಿಸಲಿಲ್ಲ. ಗೋಡೆ ಬಿದ್ದದ್ದು ಜುಲೈ ಕೊನೆಯಲ್ಲಿ. ಪೆಟ್ಟಿಗೆ ಕೊಂಡದ್ದು ಅದಕ್ಕೆ ಎರಡು ತಿಂಗಳು ಮೊದಲು. ನಮ್ಮ ಪತ್ರವೂ ಅವರ ಪತ್ರವೂ ನಡುದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿದ್ದವು. ಅವರ ಪತ್ರದ ಮೇಲೆಯೂ ತಾರೀಖು ಇದ್ದಿರಲೇಬೇಕು. ಕೋಪಕ್ಕೆ ತಾರೀಖು ಕಾಣುವುದಿಲ್ಲ. ಅವರು ಮರುದಿನವೇ ಕಳಿಸಿದ ಹಣ ಬ್ಯಾಂಕುಗಳ ದಾರಿಯಲ್ಲಿ ಎರಡು ತಿಂಗಳು ಅಲೆದು ಬಂದಿತ್ತು. ಎರಡು ಕಡೆಯೂ ಪ್ರೀತಿಯೇ ಹರಿದಿತ್ತು. ನಮ್ಮ ಕಡೆಯ ತಂತಿ ತಿರುವುಮುರುವಾಗಿತ್ತು. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು: “ಅಣ್ಣಾ, ಆವಾಗ ಹೀಗ್ಯಾಕಾತು?” ಅವರಿಗೆ ಉತ್ತರಿಸಲು ಬಾಯಿ ಇದ್ದ ನಲವತ್ತು ವರುಷ ನಾವು ಅದನ್ನು ಕೇಳಲಿಲ್ಲ.

ನಮ್ಮ ಕನ್ನಡದಲ್ಲಿ ಕೇಳು ಎಂಬ ಪದಕ್ಕೆ ಎರಡು ಅರ್ಥಗಳು: ಕಿವಿಗೊಡುವುದು ಮತ್ತು ಪ್ರಶ್ನಿಸುವುದು. ತರಗತಿಯಲ್ಲಿ ಇದನ್ನು ನಾನಾರ್ಥವೆಂದು ಕಲಿಸಿದ್ದೇವೆ. ಎರಡೂ ಒಂದೇ ಅರ್ಥವೆಂದು ಈಗ ತೋರುತ್ತದೆ. ವಿಚಾರಿಸದೆ ಇದ್ದವನು ಆಲಿಸಿದವನಲ್ಲ. ಆಲಿಸಲು ಕುಳಿತುಕೊಳ್ಳದವನು ವಿಚಾರಿಸಿದರೂ ಫಲವಿಲ್ಲ. ಅಣ್ಣನವರು “ಕೂತು ಕೇಳು” ಎಂದು ಕರೆದಾಗಲೆಲ್ಲ ನಾವು ಬಸ್ಸಿನ ನೆಪ ಹೇಳಿ ಎರಡನ್ನೂ ತಪ್ಪಿಸಿಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಆ ಮೂರು ಕಾಗದಗಳನ್ನು ಹಿಡಿದು ಅಣ್ಣನವರ ಮುಂದೆ ಕುಳಿತೆವು. ಒಂದೊಂದನ್ನೂ ಓದಿ ಹೇಳಿದೆವು. ನಮ್ಮ ಮನಸ್ಸಿನಲ್ಲಿ ಇಷ್ಟು ವರುಷ ಏನಿತ್ತು ಎಂಬುದನ್ನೂ ಬಚ್ಚಿಡದೆ ಹೇಳಿದೆವು. “ತಪ್ಪಾತು ಅಣ್ಣಾ, ಕೇಳಬೇಕಾಗಿತ್ತು” ಎಂದೆವು. ಅವರಿಗೆ ನಮ್ಮ ಮುನಿಸು ಮೊದಲೇ ತಿಳಿದಿತ್ತೋ ಇಲ್ಲವೋ, ಅದನ್ನು ಇನ್ನು ತಿಳಿಯುವ ದಾರಿಯಿಲ್ಲ. ಅವರು ಬಹಳ ಹೊತ್ತು ನಮ್ಮ ಮುಖವನ್ನೇ ನೋಡಿದರು. ಆಮೇಲೆ ಎಡಗೈ ಎತ್ತಿದರು. ಈ ಸಲ ಅವಸರದಿಂದ ಅರ್ಥ ಮಾಡಿಕೊಳ್ಳದೆ ನಾವು ಕಾದೆವು. ಅವರ ಬೆರಳು ಪೆಟ್ಟಿಗೆಗಳ ಕಡೆಗೆ ತೋರಿಸುತ್ತಿತ್ತು. ಹಚ್ಚು ಎಂದಿದ್ದರು.

ಈಗ ನಿತ್ಯ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಪಡಸಾಲೆಯಲ್ಲಿ ಎರಡು ಕುರ್ಚಿಗಳು ಅಕ್ಕಪಕ್ಕ ಬೀಳುತ್ತವೆ. ಒಂದು ದಿನ ಮನಸೂರರು, ಒಂದು ದಿನ ಗಂಗೂಬಾಯಿ ಹಾನಗಲ್ಲರು, ಒಂದು ದಿನ ಬಸವರಾಜ ರಾಜಗುರುಗಳು. ತ್ರಿಕೋನದ ತುದಿ ಒಬ್ಬರಿಗೆ ಮಾತ್ರ ಸಲ್ಲುವುದರಿಂದ, ನಟ್ಟನಡುವಿನ ಸ್ಥಾನವನ್ನು ಅಣ್ಣನವರಿಗೆ ಬಿಟ್ಟು, ನಾವು ತುಸು ಪಕ್ಕಕ್ಕೆ ಕುಳಿತುಕೊಳ್ಳುತ್ತೇವೆ. ಅಲ್ಲಿಂದ ನಮಗೆ ಗಾಯಕರ ದನಿ ಅಷ್ಟು ನಿಚ್ಚಳವಾಗಿ ನಡುವೆ ನಿಲ್ಲುವುದಿಲ್ಲ. ವಯಸ್ಸಿನಿಂದ ನಮ್ಮ ಕಿವಿಯ ಮೇಲುದನಿಗಳೂ ಸವೆದಿವೆ. ಆದರೆ ಪಕ್ಕದ ಕುರ್ಚಿಯ ಗುನುಗು ಮಾತ್ರ ಚೆನ್ನಾಗಿ ಕೇಳಿಸುತ್ತದೆ.